ಗೋಡು ಮಣ್ಣಿನ ಲೆಕ್ಕ

ಕುವೆಂಪುನಗರದಲ್ಲಿ ಮನೆ ಮಾಡಿದ ಹೊಸದರಲ್ಲಿ, ಮಗ್ರಿಬ್ ನಮಾಜಿನ ಹೊತ್ತಿಗೆ ವಿದ್ಯಾರಣ್ಯಪುರಂ ಕಡೆಯಿಂದ ಗಾಳಿ ತಿರುಗಿತೆಂದರೆ ಕಿಟಕಿ ಮುಚ್ಚಬೇಕಾಗುತ್ತಿತ್ತು. ಊರಿನ ಕಸವೆಲ್ಲ ವರ್ಷಗಟ್ಟಲೆ ಅಲ್ಲಿ ಗುಡ್ಡೆಬಿದ್ದು ನಾರುತ್ತಿತ್ತು. ಆ ಜಾಗವನ್ನು ಮೈಸೂರಿನವರು ಇಂದಿಗೂ ಕರೆಯುವುದು 'ಸೂಯೇಜ್ ಫಾರಂ' ಎಂದು. ಹೆಸರಿನಲ್ಲಿರುವ 'ಫಾರಂ' ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ಊರಿನ ಕೊಳೆ ಒಂದು ಕಾಲಕ್ಕೆ ಯಾರದೋ ಬೆಳೆಯ ಆಹಾರವಾಗಿತ್ತೆಂಬ ನೆನಪು ಆ ಎರಡಕ್ಷರದಲ್ಲಿ ಉಳಿದಿದೆ. ಆಮೇಲೆ ಅದು ಬರೀ ಕೊಳೆಯಾಗಿ ನಿಂತುಬಿಟ್ಟಿತು. ರೈತನಿಗೆ ಗೊಬ್ಬರ ಬೇಡವಾಯಿತೆ? ಇಲ್ಲ, ಅವನಿಗೆ ಬೇಕಾದ ಗೊಬ್ಬರವೇ ಬೇರೆಯಾಯಿತೆ?

"ನಮ್ಮ ರೈತರು ಸೋಮಾರಿಗಳು, ಹೇಳಿದ್ದನ್ನು ಕೇಳುವುದಿಲ್ಲ" ಎಂಬ ಮಾತನ್ನು ಕೃಷಿ ಇಲಾಖೆಯ ಸಭೆಗಳಲ್ಲಿ ಕೇಳಿದ್ದೇನೆ, ನಮ್ಮ ಮನೆಯ ಜಗಲಿಯಲ್ಲಿಯೂ ಕೇಳಿದ್ದೇನೆ. ಜಗಲಿಯ ಮೇಲೆ ಅದನ್ನು ಹೇಳುತ್ತಿದ್ದವರು ನನ್ನ ಅಬ್ಬಾ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಇತಿಹಾಸವನ್ನು ನೋಡೋಣ. ಮೈಸೂರು ಸೀಮೆಯ ಮಟ್ಟಿಗೆ ಈ ದೂರು ಇನ್ನೂರು ವರ್ಷಕ್ಕೂ ಹಳೆಯದು, ಅದಕ್ಕೆ ರೈತ ಕೊಟ್ಟ ಉತ್ತರವೂ ಅಷ್ಟೇ ಹಳೆಯದು.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಬಿದ್ದ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ ಎಂದು ಲೆಕ್ಕ ಹಾಕಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದ. ಬುಕಾನನ್‌ಗೆ ಟಿಪ್ಪುವಿನ ಮೇಲೆ ಒಳ್ಳೆಯ ಅಭಿಪ್ರಾಯವಿರಲಿಲ್ಲ, ಇಲ್ಲಿಯ ರೈತರ ಮೇಲೂ ಅಷ್ಟೇನೂ ಗೌರವವಿರಲಿಲ್ಲ. ಆದರೆ ಕಂಡದ್ದನ್ನು ಬರೆಯುವ ಶಿಸ್ತಿತ್ತು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದ ಮೂರು ಸಂಪುಟಗಳಲ್ಲಿ ತಿಪ್ಪೆಗುಂಡಿಯ ವಿವರ ಮತ್ತೆ ಮತ್ತೆ ಬರುತ್ತದೆ. ಕೊಟ್ಟಿಗೆಯ ಸಗಣಿ, ದನ ತಿಂದು ಬಿಟ್ಟ ಹುಲ್ಲು, ಒಲೆಯ ಬೂದಿ, ಮನೆಯ ಕಸ ಎಲ್ಲವೂ ಒಂದು ಗುಂಡಿಗೆ ಬಿದ್ದು ಕೊಳೆತು ಹೊಲಕ್ಕೆ ಹೋಗುತ್ತಿದ್ದವು. ಗದ್ದೆಗೆ ಸೊಪ್ಪು ತುಳಿಯುತ್ತಿದ್ದರು. ಕುರಿ ಮಂದೆಯವರಿಗೆ ಕೊಡಬೇಕಾದ್ದು ಕೊಟ್ಟು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡು ಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹೊಡೆಯುತ್ತಿದ್ದರು. ಮಣ್ಣನ್ನು ಉಪಚರಿಸುವ ಜ್ಞಾನ ಇಲ್ಲಿಗೆ ಹೊರಗಿನಿಂದ ಬರಬೇಕಾಗಿರಲಿಲ್ಲ.

ಹಾಗಾದರೆ ಕೊರತೆ ಯಾವುದರದು? ಟಿಪ್ಪುವಿನ ಕಂದಾಯ ಹುಕುಂನಾಮೆಯನ್ನು ನೋಡಿದರೆ ಒಂದು ಸುಳಿವು ಸಿಗುತ್ತದೆ. ಅಮಲ್ದಾರರಿಗೆಂದು ಪಾರ್ಸಿಯಲ್ಲಿ ಬರೆದಿದ್ದ ಈ ನಿಯಮಾವಳಿಯನ್ನು ಬರಿಷ್ ಕ್ರಿಸ್ಪ್ ಎಂಬಾತ ಇಂಗ್ಲಿಷಿಗೆ ತಿರುಗಿಸಿ 1792ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ, ಅಂದರೆ ಸುಲ್ತಾನ ಬದುಕಿದ್ದಾಗಲೇ. ಹತ್ತು ವರ್ಷದಿಂದ ಪಾಳು ಬಿದ್ದ ಜಮೀನನ್ನು ರೈತ ಕೌಲಿಗೆ ತೆಗೆದುಕೊಂಡರೆ ಮೊದಲ ವರ್ಷ ಕಂದಾಯವಿಲ್ಲ, ಎರಡನೇ ವರ್ಷ ಅರ್ಧ, ಆಮೇಲೆ ಪೂರ್ತಿ. ಕಲ್ಲು, ಬೋರೆ ನೆಲವಾದರೆ ರಿಯಾಯಿತಿ ಇನ್ನೂ ಒಂದು ವರ್ಷ ಹೆಚ್ಚು. ಎತ್ತು ನೇಗಿಲು ಇಲ್ಲದವನಿಗೆ ತಕಾವಿ ಸಾಲ. ಟಿಪ್ಪುವಿನ ಹೆಸರೆತ್ತಿದರೆ ಈಗ ನಮ್ಮಲ್ಲಿ ಎರಡು ಪಂಗಡವಾಗಿ ಜಗಳ ಶುರುವಾಗುತ್ತದೆ. ಸುಲ್ತಾನನ ಹೊಗಳಿಕೆಗಾಗಿ ನಾನಿದನ್ನು ಹೇಳುತ್ತಿಲ್ಲ. ಖಜಾನೆ ತುಂಬಬೇಕಾಗಿದ್ದ ಯಾವ ದೊರೆಗಾದರೂ ಇಂಥ ನಿಯಮ ಬೇಕಾಗುತ್ತಿತ್ತು. ನನಗೆ ಮುಖ್ಯವೆನಿಸಿದ್ದು ಆ ನಿಯಮದ ಹಿಂದಿನ ತಿಳುವಳಿಕೆ. ಕೆಟ್ಟ ನೆಲ ಒಳ್ಳೆಯದಾಗಲು ಎರಡು ಮೂರು ವರ್ಷ ಬೇಕು, ಅಷ್ಟು ದಿನ ರೈತನ ಹೊಟ್ಟೆಗೆ ಮತ್ತು ಹಕ್ಕಿಗೆ ಭರವಸೆಯಿರಬೇಕು ಎಂಬುದು ಅದನ್ನು ಬರೆದವರಿಗೆ ಗೊತ್ತಿತ್ತು. ಇಸ್ಲಾಮೀ ಕಾನೂನಿನಲ್ಲಿ ಸತ್ತ ಭೂಮಿಗೆ ಜೀವ ಕೊಟ್ಟವನಿಗೆ ಅದರ ಮೇಲೆ ಹಕ್ಕು ಹುಟ್ಟುತ್ತದೆ ಎಂಬ ತತ್ವವಿದೆ. 'ಇಹ್ಯಾಉಲ್ ಮವಾತ್' ಎನ್ನುತ್ತಾರೆ. ನೆಲಕ್ಕೆ ಸುರಿದ ಬೆವರು ಮತ್ತು ನೆಲದ ಮೇಲಿನ ಹಕ್ಕು, ಇವೆರಡನ್ನೂ ಬಿಡಿಸಿ ನೋಡಬಾರದೆಂಬ ವಿವೇಕ ಅದರಲ್ಲಿದೆ.

ಬ್ರಿಟಿಷರ ಕಾಲಕ್ಕೆ ಬರೋಣ. 1889ರಲ್ಲಿ ಜಾನ್ ಅಗಸ್ಟಸ್ ವೋಲ್ಕರ್ ಎಂಬ ರಸಾಯನ ವಿಜ್ಞಾನಿಯನ್ನು ಇಂಡಿಯಾದ ಕೃಷಿಯನ್ನು ಸುಧಾರಿಸುವ ದಾರಿ ಹೇಳೆಂದು ಇಂಗ್ಲೆಂಡಿನಿಂದ ಕರೆಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ದೇಶ ಸುತ್ತಿ ಅವನು ಬರೆದ ವರದಿ 1893ರಲ್ಲಿ ಹೊರಬಂತು. ರೈತನಿಗೆ ಪಾಠ ಹೇಳಲು ಬಂದವನು, ಇಲ್ಲಿಯ ಒಳ್ಳೆಯ ರೈತ ಬ್ರಿಟನ್ನಿನ ಸಾಧಾರಣ ರೈತನಿಗೆ ಯಾವುದರಲ್ಲೂ ಕಡಿಮೆಯಿಲ್ಲ, ಕೆಲವು ವಿಷಯದಲ್ಲಿ ಅವನಿಗಿಂತ ಮೇಲು ಎಂದು ಒಪ್ಪಿಕೊಂಡ. ಸಗಣಿಯನ್ನು ಬೆರಣಿ ತಟ್ಟಿ ಸುಡುತ್ತಾರೆ, ಹೊಲಕ್ಕೆ ಹಾಕುವುದಿಲ್ಲ ಎಂಬುದು ಆಗಿನ ಅಧಿಕಾರಿಗಳ ದೊಡ್ಡ ದೂರು. ವೋಲ್ಕರ್ ವಿಚಾರಿಸಿ ನೋಡಿದಾಗ, ಸೌದೆ ಸಿಗುವ ಕಡೆ ರೈತ ಸಗಣಿ ಸುಡುತ್ತಿರಲಿಲ್ಲ. ಹಾಗಾಗಿ ಗೊಬ್ಬರ ಬೇಕಿದ್ದರೆ ಮೊದಲು ಸೌದೆಗೂ ಮೇವಿಗೂ ಕಾಡು ಬಿಡಿ ಎಂದು ಅವನು ಸರ್ಕಾರಕ್ಕೆ ಹೇಳಿದ. ಸರ್ಕಾರ ಆ ಹೊತ್ತಿಗೆ ಕಾಡಿಗೆ ಬೇಲಿ ಹಾಕುವುದರಲ್ಲಿತ್ತು. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಮಾತ್ರ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಸಿಕ್ಕಿತು. ಅವರ ತೋಟಗಳ ಮಣ್ಣು ಇಂದಿಗೂ ಕಪ್ಪಗಿದ್ದರೆ ಅದರಲ್ಲಿ ಈ ಸವಲತ್ತಿನ ಪಾಲೂ ಇದೆ. ನಮ್ಮ ಬಯಲು ಸೀಮೆಯ ರಾಗಿ ಹೊಲದವನಿಗೆ ಅಂಥ ಬೆಟ್ಟ ಎಲ್ಲಿತ್ತು?

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಉಳಿದವರಿಗಿಂತ ಮುಂದಿತ್ತು. 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದಾಗ, ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಕೆ ಕೊಟ್ಟರು. ಮಣ್ಣು ಮತ್ತು ಗೊಬ್ಬರದ ಪರೀಕ್ಷೆಗೆ ಡಾ. ಲೇಮನ್ ಎಂಬ ರಸಾಯನ ತಜ್ಞ ಬಂದರು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಬಂದರು, 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಮಂಡ್ಯ ಸೀಮೆಯಲ್ಲಿ ಕಬ್ಬು, 1933ರ ಸಕ್ಕರೆ ಕಾರ್ಖಾನೆ ಎಂದರೆ ಅವರ ಹೆಸರು ಈಗಲೂ ಬರುತ್ತದೆ.

ಕೋಲ್ಮನ್ ಕಾಲದ ಅನುಭವ ನಮ್ಮ ಪ್ರಶ್ನೆಗೆ ಬಹಳ ಬೆಳಕು ಕೊಡುತ್ತದೆ. ಮಲೆನಾಡಿನ ಅಡಿಕೆಗೆ ಕೊಳೆರೋಗ ಬಿದ್ದಾಗ ಅವರು ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಸಿಂಪಡಿಸಲು ಹೇಳಿದರು. ಅದುವರೆಗೆ ಬೆಳೆಗಾರರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಹೊಸ ಮದ್ದು ತೋಟದಿಂದ ತೋಟಕ್ಕೆ ಹಬ್ಬಿತು, ನೂರು ವರ್ಷ ಕಳೆದರೂ ಮಳೆಗಾಲದಲ್ಲಿ ಅದೇ ಮದ್ದು. ಸುಧಾರಿಸಿದ ರಾಗಿ ತಳಿಯೂ ಹಬ್ಬಿತು. ಸ್ವಾತಂತ್ರ್ಯದ ನಂತರ ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಮಾಡಿಸಿ 'ಇಂಡಾಫ್' ತಳಿಗಳನ್ನು ತಂದಾಗ, ಅವು ಊರೂರಿಗೆ ಹೋದ ವೇಗವನ್ನು ಹಳಬರು ಈಗಲೂ ನೆನೆಯುತ್ತಾರೆ. ಅದೇ ರೈತರು, ಅದೇ ಇಲಾಖೆ. ಹಾಗಿದ್ದೂ ಬದು ಹಾಕಿ, ಹಸಿರೆಲೆ ಗೊಬ್ಬರ ಬೆಳೆದು ಉಳಿರಿ, ಸಗಣಿ ಗುಂಡಿಗೆ ನೆರಳು ಕಟ್ಟಿ ಎಂದಾಗ ಕಿವಿಗೊಟ್ಟವರು ಕಡಿಮೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೊಸ ಬೀಜವನ್ನು ಒಂದು ಸೇರು ತಂದು ಹೊಲದ ಮೂಲೆಯಲ್ಲಿ ಬಿತ್ತಿ ನೋಡಬಹುದು. ಕೆಟ್ಟರೆ ಒಂದು ಮೂಲೆ ಕೆಟ್ಟಿತು. ನಾಲ್ಕು ತಿಂಗಳಿಗೆ ತೆನೆಯೇ ಫಲಿತಾಂಶ ಹೇಳುತ್ತದೆ. ಮಣ್ಣಿನ ಕೆಲಸ ಹಾಗಲ್ಲ. ಡಯಂಚ ಅಥವಾ ಅಪ್ಸೆಣಬನ್ನು ಗೊಬ್ಬರಕ್ಕೆಂದು ಬಿತ್ತಿದರೆ ಒಂದೂವರೆ ತಿಂಗಳು ನೆಲ ಬೇರೇನನ್ನೂ ಕೊಡುವುದಿಲ್ಲ. ನಾಲೆಗೆ ನೀರು ಬಿಡುವ ಮೊದಲೇ ಅದು ಬೆಳೆದಿರಬೇಕು, ಅದಕ್ಕೆ ಮುಂಗಾರಿಗೆ ಮುಂಚಿನ ಮಳೆ ಕೈಕೊಡಬಾರದು. ಖುಷ್ಕಿ ರಾಗಿಗೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಬೇಕೆಂದು ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತಾರೆ. ಗಾಡಿಗೆ ಅರ್ಧ ಟನ್ ಹಿಡಿದರೂ ಆರು ಗಾಡಿ. ತುಂಬಲು, ಇಳಿಸಲು, ಹರಡಲು ಆಳು ಬೇಕು. ಅಷ್ಟು ಸಗಣಿಗೆ ಎಷ್ಟು ದನ ಬೇಕು, ಆ ದನಕ್ಕೆ ಮೇವು ಎಲ್ಲಿಂದ? ಎರಡು ಎಕರೆಯವನ ಮನೆಯಲ್ಲಿ ಈಗ ಒಂದು ಸೀಮೆ ಹಸು ಇದ್ದರೆ ಹೆಚ್ಚು, ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್.

ಯೂರಿಯಾ ಗೆದ್ದದ್ದು ಇಲ್ಲಿ. ಮೂಟೆಯನ್ನು ಸೈಕಲ್ಲಿನ ಹಿಂದೆ ಇಟ್ಟು ತರಬಹುದು, ಒಬ್ಬನೇ ಒಂದು ಬೆಳಿಗ್ಗೆ ಎರಚಿ ಮುಗಿಸಬಹುದು, ವಾರದಲ್ಲಿ ಪೈರು ಕಡು ಹಸಿರು. ಸೊಸೈಟಿಯಲ್ಲಿ ಸಾಲಕ್ಕೂ ಸಿಗುತ್ತದೆ. ಇದರ ಮೇಲೆ ಸರ್ಕಾರವೇ ತಕ್ಕಡಿಯನ್ನು ವಾಲಿಸಿತು. 1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಹತೋಟಿ ತೆಗೆದರು, ಯೂರಿಯಾವನ್ನು ಹಾಗೇ ಉಳಿಸಿಕೊಂಡರು. 2010ರಲ್ಲಿ ಪೋಷಕಾಂಶ ಆಧರಿಸಿದ ಸಹಾಯಧನ ಬಂದಾಗಲೂ ಯೂರಿಯಾ ಹೊರಗೇ ಉಳಿಯಿತು. ಹೀಗೆ 45 ಕಿಲೋ ಯೂರಿಯಾ ಮೂಟೆ ಸುಮಾರು 266 ರೂಪಾಯಿ, ಡಿ.ಎ.ಪಿ. ಮೂಟೆ 1,350 ಆಗಿರುವಾಗ ಸಮತೋಲನದ ಉಪದೇಶವನ್ನು ಯಾರು ಕೇಳುತ್ತಾರೆ? ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ವರ್ಷಾನುಗಟ್ಟಲೆ ನಡೆಸಿದ ಪ್ರಯೋಗಗಳು, ಬರೀ ಸಾರಜನಕ ಉಂಡ ನೆಲ ಹುಳಿಯಾಗಿ ಇಳುವರಿ ಕುಸಿಯುತ್ತದೆಂದೂ, ಕೊಟ್ಟಿಗೆ ಗೊಬ್ಬರವೂ ಜೊತೆಗಿದ್ದರೆ ತಡೆದುಕೊಳ್ಳುತ್ತದೆಂದೂ ತೋರಿಸಿವೆ. ಇದನ್ನು ರೈತನಿಗೆ ಹೇಳಿದರೆ ಅವನು ಒಪ್ಪುತ್ತಾನೆ, ಒಪ್ಪಿ ಯೂರಿಯಾ ಅಂಗಡಿಗೆ ಹೋಗುತ್ತಾನೆ. ಅವನ ಒಪ್ಪಿಗೆಯೂ ನಿಜ, ಹೋಗುವುದೂ ನಿಜ.

ಈ ಕಥೆಯಲ್ಲಿ ದುಡ್ಡು, ದುಡಿಮೆಗಳಲ್ಲದೆ ಇನ್ನೊಂದು ಪದರವಿದೆ. 1939ರಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಬೆಂಗಳೂರಿನಲ್ಲಿ ಕಾಂಪೋಸ್ಟ್ ಮಾಡುವ ಹೊಸ ಕ್ರಮವನ್ನು ರೂಪಿಸಿದರು. ಪ್ರಪಂಚದ ಕೃಷಿ ಪುಸ್ತಕಗಳಲ್ಲಿ ಅದಕ್ಕೆ ಇಂದಿಗೂ 'ಬೆಂಗಳೂರು ಪದ್ಧತಿ' ಎಂದೇ ಹೆಸರು. ಅದಕ್ಕೆ ಮೊದಲು ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೂಪಿಸಿದ್ದ ಕ್ರಮದಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕಿತ್ತು, ನೀರು ಹಾಕಬೇಕಿತ್ತು. ಆಚಾರ್ಯರು ಆ ಶ್ರಮವನ್ನು ತಪ್ಪಿಸಿದರು. ಕಂದಕ ತೋಡಿ, ಒಂದು ಪದರ ಊರ ಕಸ, ಅದರ ಮೇಲೆ ತೆಳುವಾಗಿ ಒಂದು ಪದರ ಮಲ, ಹೀಗೆ ತುಂಬಿ ಮೇಲೆ ಮಣ್ಣು ಮೆತ್ತಿಬಿಟ್ಟರೆ ಆರೆಂಟು ತಿಂಗಳಿಗೆ ವಾಸನೆಯಿಲ್ಲದ ಕಪ್ಪು ಗೊಬ್ಬರ. ಎರಡನೇ ಮಹಾಯುದ್ಧದ ಅಭಾವದ ದಿನಗಳಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಕೂಗಿನ ಜೊತೆ ಪುರಸಭೆಗಳು ಇದನ್ನು ಕೈಗೆತ್ತಿಕೊಂಡವು.

ಮೂಗು ಮುಚ್ಚಿಕೊಂಡ ರೈತರಿದ್ದರು, ಸಹಜವೇ. ಆದರೆ ಮಣ್ಣಿನ ಹಾಗೆ ಉದುರುವ ಗೊಬ್ಬರ ಕಣ್ಣಿಗೆ ಬಿದ್ದ ಮೇಲೆ ಗಾಡಿ ತಂದವರೂ ಇದ್ದರು. ಅವರಿಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿತ್ತು. ಆ ತೆಳು ಪದರವನ್ನು ತಲೆಯ ಮೇಲೆ ಹೊತ್ತು ತಂದು ಕಂದಕಕ್ಕೆ ಸುರಿದವರು ಯಾರು? ನಮ್ಮ ರಾಜ್ಯದಲ್ಲಿ ಮಲ ಹೊರುವುದನ್ನು ನಿಲ್ಲಿಸಬೇಕೆಂದು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಆದೇಶ ಹೊರಡಿಸುವವರೆಗೆ ಆ ತಲೆಗಳ ಲೆಕ್ಕ ಯಾವ ಕೃಷಿ ವರದಿಯಲ್ಲಿಯೂ ಬರಲಿಲ್ಲ. ಆದೇಶವಾಗಿ ಮೂರು ದಶಕ ದಾಟಿದ ಮೇಲೂ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಮಣ್ಣಿಗೆ ಒಳ್ಳೆಯದಾದ ಪದ್ಧತಿಯೆಲ್ಲ ಮನುಷ್ಯನಿಗೂ ಒಳ್ಳೆಯದೆಂದು ತಿಳಿದು ಬರೆಯುವ ಸಾವಯವ ಉತ್ಸಾಹಿಗಳು ಇದನ್ನು ಒಮ್ಮೆ ನೆನೆದರೆ ಚೆನ್ನ. 12ನೇ ಶತಮಾನದ ಸ್ಪೇನಿನಲ್ಲಿ, ಸೆವಿಲ್ಲೆ ನಗರದ ಇಬ್ನುಲ್ ಅವ್ವಾಮ್ ತನ್ನ 'ಕಿತಾಬುಲ್ ಫಲಾಹ'ದಲ್ಲಿ ಮೊದಲು ಮಣ್ಣಿನ ಬಗೆಗಳನ್ನು, ಆಮೇಲೆ ಗೊಬ್ಬರದ ಬಗೆಗಳನ್ನು ವಿವರವಾಗಿ ಬರೆದ. ನಮ್ಮವರು ಹೆಮ್ಮೆಯಿಂದ ಅದನ್ನು ಉದಾಹರಿಸುತ್ತಾರೆ, ನಾನೂ ಉದಾಹರಿಸಿದ್ದೇನೆ. ಗೊಬ್ಬರ ಹೊತ್ತವರ ಬಗ್ಗೆ ಕೇಳುವ ಬುದ್ಧಿ ನನಗೆ ಬಂದದ್ದು ತೀರ ಈಚೆಗೆ.

ಸರ್ಕಾರ ಸರಿಯಾಗಿ ಕೈಹಾಕಿದಾಗ ರೈತ ಬಂದದ್ದಕ್ಕೂ ಉದಾಹರಣೆಯಿದೆ. 2009ರಲ್ಲಿ ಕರ್ನಾಟಕ ಕೃಷಿ ಇಲಾಖೆ, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಜೊತೆಗೂಡಿ 'ಭೂಚೇತನ' ಎಂಬ ಯೋಜನೆಯನ್ನು ಆರು ಜಿಲ್ಲೆಗಳಲ್ಲಿ ಶುರುಮಾಡಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿಸಿತು. ಖುಷ್ಕಿ ಬೆಳೆಗಳ ಇಳುವರಿಯನ್ನು ಶೇಕಡ 20ರಷ್ಟು ಏರಿಸುವುದು ಗುರಿ. 90,000ಕ್ಕೂ ಹೆಚ್ಚು ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿದಾಗ, ಸಾರಜನಕ ರಂಜಕಗಳ ಗದ್ದಲದಲ್ಲಿ ಯಾರೂ ಗಮನಿಸದ ಗಂಧಕ, ಸತು, ಬೋರಾನ್‌ಗಳ ಕೊರತೆ ಎದ್ದು ಕಂಡಿತು. ಪರಿಹಾರ ಸರಳವಾಗಿತ್ತು: ಜಿಪ್ಸಂ, ಸತುವಿನ ಸಲ್ಫೇಟ್, ಬೋರಾನ್, ಅದೂ ಅರ್ಧ ಬೆಲೆಗೆ. ಹಳ್ಳಿಯ ಗೋಡೆಗಳ ಮೇಲೆ ಆ ಊರಿನ ಮಣ್ಣಿನ ಫಲಿತಾಂಶ ಬರೆಸಿದರು. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಆಯಾ ಊರಿನ ರೈತರನ್ನೇ 'ರೈತ ಅನುವುಗಾರ'ರೆಂದು ಗೌರವಧನ ಕೊಟ್ಟು ಆರಿಸಿದ್ದು. ಪಕ್ಕದ ಹೊಲದವನು ತನ್ನ ಹೊಲಕ್ಕೆ ಹಾಕಿ ತೋರಿಸಿದ ಮೇಲೆ ಜೀಪಿನಲ್ಲಿ ಬಂದವರ ಭಾಷಣ ಬೇಕಾಗಲಿಲ್ಲ. ಲಕ್ಷಾಂತರ ರೈತರು ಸೇರಿದರು, ಇಳುವರಿಯೂ ಏರಿತು. ಆದರೆ ಹೀಗೆ ಹಬ್ಬಿದ್ದೂ ಮೂಟೆಯಲ್ಲಿ ತಂದು ಎರಚಬಹುದಾದ ವಸ್ತುವೇ, ಅದೇ ವರ್ಷ ಫಲ ಕೊಡುವಂಥದ್ದೇ.

2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆ ತಂದಿತು. ಒಳ್ಳೆಯ ಆಲೋಚನೆ. ಆದರೆ ಮಾದರಿ ತೆಗೆಯುವ ಕ್ರಮ ಹೇಗಿತ್ತೆಂದರೆ, ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ ಹತ್ತು ಹೆಕ್ಟೇರಿಗೆ ಒಂದು. ಹತ್ತು ಹೆಕ್ಟೇರೆಂದರೆ ಹೆಚ್ಚು ಕಡಿಮೆ 25 ಎಕರೆ, ನಮ್ಮ ಕಡೆ ಹತ್ತು ಹನ್ನೆರಡು ಮನೆಗಳ ಹೊಲ. ಇಳಿಜಾರಿನ ಕಲ್ಲುಭೂಮಿಯವನ ಕೈಗೂ ಕೆರೆ ಅಂಗಳದ ಪಕ್ಕದವನ ಕೈಗೂ ಒಂದೇ ಮಣ್ಣಿನ ಚೀಟಿ. ಅದನ್ನು ಓದಿ ಮಡಚಿ ಸೂರಿನ ಸಂದಿಗೆ ಸಿಕ್ಕಿಸಿದ ರೈತನನ್ನು ಅಜ್ಞಾನಿ ಎನ್ನುವುದಾದರೆ ನಾನು ಒಪ್ಪುವುದಿಲ್ಲ. ತನ್ನ ನೆಲವನ್ನು ಅವನು ಚೀಟಿಗಿಂತ ಚೆನ್ನಾಗಿ ಬಲ್ಲ.

ಈಗ ಅಬ್ಬಾ ಅವರ ಮಾತಿಗೆ ಬರುತ್ತೇನೆ.

ನಂಜನಗೂಡು ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಚಿಲ್ಲರೆ ಖುಷ್ಕಿ ಜಮೀನಿತ್ತು. ಅಬ್ಬಾ ಉರ್ದು ಶಾಲೆಯ ಮೇಷ್ಟ್ರು, ಉಳುವವರಲ್ಲ. ಜಮೀನನ್ನು ಊರಿನ ಒಬ್ಬ ರೈತನಿಗೆ ವಾರಕ್ಕೆ ಕೊಟ್ಟಿದ್ದರು. ಕಾಗದವಿಲ್ಲ, ಪತ್ರವಿಲ್ಲ, ಯುಗಾದಿಯಿಂದ ಯುಗಾದಿಗೆ ಬಾಯಿಮಾತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯನಾದ ಮೇಲೆ ಸಣ್ಣ ಪುಟ್ಟ ಜಮೀನಿನವರ ಎದೆಯಲ್ಲಿ ಒಂದು ಹೆದರಿಕೆ ಉಳಿದುಬಿಟ್ಟಿತು: ಒಬ್ಬನ ಕೈಯಲ್ಲಿ ನಾಲ್ಕು ವರ್ಷ ಬಿಟ್ಟರೆ ಜಮೀನು ಹೋಯಿತು. ದೇವರಾಜ ಅರಸರ ಆ ಕಾನೂನಿನಿಂದ ಸಾವಿರಾರು ಗೇಣಿದಾರರು ಮನುಷ್ಯರಂತೆ ತಲೆಯೆತ್ತಿದರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗೇಣಿ ಕದ್ದುಮುಚ್ಚಿ ಮುಂದುವರಿಯಿತು. ಹಾಗೆ ಮುಂದುವರಿದ ಗೇಣಿಗೆ ವಾಯಿದೆಯೇ ಇಲ್ಲ. ನಮ್ಮವರು ಎರಡು ಮೂರು ವರ್ಷಕ್ಕೊಮ್ಮೆ ಆಳನ್ನು ಬದಲಿಸುತ್ತಿದ್ದರು. ಅಬ್ಬಾ ಕೂಡ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ಊರ ಕೆರೆ ಪೂರಾ ಬತ್ತಿತು. ಎಲ್ಲರೂ ಗೋಡು ಹೊಡೆಯುತ್ತಿದ್ದರು. ನಮ್ಮ ಹೊಲಕ್ಕೆ ಮಾತ್ರ ಒಂದು ಗಾಡಿಯೂ ಬಂದಿರಲಿಲ್ಲ. ಅಬ್ಬಾ ಜಗಲಿಯ ಮೇಲೆ ಕೂತು ಅವನನ್ನು ಕರೆಸಿ, "ಏನಯ್ಯಾ, ನಿನ್ನ ಸ್ವಂತ ಹೊಲಕ್ಕೆ ಹತ್ತು ಗಾಡಿ ಹೊಡೆದಿದ್ದೀಯಂತೆ, ನಮ್ಮದಕ್ಕೆ ಯಾಕಿಲ್ಲ? ಸೋಮಾರಿತನವೇ?" ಎಂದರು. ಅವನು ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ಸ್ವಲ್ಪವೂ ಸಿಟ್ಟಿಲ್ಲದೆ, "ಗೋಡಿನ ಗುಣ ಗೊತ್ತಾಗಬೇಕಾದ್ರೆ ಮೂರು ವರ್ಷ ಬೇಕು ಸಾಬ್ರೇ. ಹೊಲ ನನ್ ಕೈಲಿರೋದು ಯುಗಾದಿಗಂಟ" ಎಂದ. ಅಬ್ಬಾ ಉತ್ತರ ಕೊಡಲಿಲ್ಲ. ಮರು ಯುಗಾದಿಗೆ ಅವನನ್ನು ಬಿಡಿಸಿದರು. ಅವನು ಒಳ್ಳೆಯ ರೈತನಾಗಿದ್ದ ಎಂದು ಅಮ್ಮ ಆಮೇಲೆ ಎಷ್ಟೋ ಸಲ ಹೇಳಿದ್ದಿದೆ.

ಬೆಳೆ ಪಾಲಿನ ಸಾಗುವಳಿಗೆ ಫಿಕ್ಹ್ ಗ್ರಂಥಗಳಲ್ಲಿ 'ಮುಜಾರಅ' ಎಂದು ಹೆಸರು. ಇಮಾಮ್ ಅಬೂ ಹನೀಫಾ ಅದನ್ನು ಒಪ್ಪಲಿಲ್ಲ. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಒಪ್ಪಿದರು, ಹನಫಿಗಳಲ್ಲಿ ರೂಢಿ ಶಿಷ್ಯರ ಕಡೆಗೇ ನಿಂತಿತು. ಆದರೆ ಒಪ್ಪಿದವರೂ ಶರತ್ತುಗಳನ್ನು ಹಾಕಿದ್ದಾರೆ, ಅವುಗಳಲ್ಲಿ ವಾಯಿದೆ ಗೊತ್ತುಮಾಡಿಕೊಳ್ಳಬೇಕು ಎಂಬುದೂ ಒಂದು. ಹರಾಮು ಹಲಾಲುಗಳ ಬಗ್ಗೆ ಅಷ್ಟು ಎಚ್ಚರವಿದ್ದ ನಮ್ಮ ಮನೆಯಲ್ಲಿ ಈ ಶರತ್ತನ್ನು ಯಾರೂ ನೆನಪು ಮಾಡಲಿಲ್ಲ.

ಅಬ್ಬಾ ಹೋದ ಮೇಲೆ ಜಮೀನು ನನ್ನ ಪಾಲಿಗೆ ಬಂತು. ಕಾನೂನು ಗೇಣಿ ಪತ್ರ ಬರೆಯಲು ಬಿಡುವುದಿಲ್ಲ. ಹಾಗಾಗಿ ಊರಿಗೆ ಹೋಗಿ, ಆ ಹಳೆಯ ರೈತನ ಮಗನನ್ನು ಹುಡುಕಿ, ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಐದು ವರ್ಷ ನಿನ್ನ ಕೈಯಲ್ಲೇ ಇರುತ್ತದೆಂದು ಮಾತು ಕೊಟ್ಟೆ. ಅವನು ತಲೆಯಾಡಿಸಿದ. ಅವರಪ್ಪನ ವಿಷಯವನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಮುಂದಿನ ಬೇಸಿಗೆ ಕೆರೆ ಬತ್ತಿದಾಗ ಹೋಗಿ ನೋಡಿದೆ. ಹೊಲದ ಮೇಲ್ಭಾಗದ ಕೆಂಪು ನೆಲದಲ್ಲಿ ಟ್ರ್ಯಾಕ್ಟರಿನಿಂದ ಸುರಿದ ಗೋಡಿನ ಕಪ್ಪು ಗುಡ್ಡೆಗಳು ಸಾಲಾಗಿ ಒಣಗುತ್ತಿದ್ದವು. ಅವನು ಅರ್ಧಕ್ಕೆ ಮಾತ್ರ ಹೊಡೆಸಿದ್ದ. ಉಳಿದರ್ಧ ಯಾಕೆ ಬಿಟ್ಟೆ ಎಂದು ನಾನು ಕೇಳಲಿಲ್ಲ.